ಬೇಡವೆನ್ನಲು ಮರೆತ ತಂಗೆವ್ವ

ನನ್ನ ನೆಗೆಣ್ಣಿ ತಂಗೆವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸದೆಯೇ ಜಡ್ಡುಗಳನ್ನು ಬಾಗಿಲಿನಿಂದ ವಾಪಸು ಕಳಿಸುತ್ತಿದ್ದಳು. ನಮ್ಮ ಓಣಿಯಲ್ಲಿ ಅವು ಬೆಳಗಿನ ಹೊತ್ತೇ ಹೆಚ್ಚು ತಿರುಗುತ್ತವೆ. ನೆಗಡಿ ಬುಟ್ಟಿ ಹೊತ್ತ ಹೆಂಗಸಾಗಿ ಬರುತ್ತದೆ, ಕೆಮ್ಮು ಕೋಲೂರಿಕೊಂಡ ಅಜ್ಜನಾಗಿ. ಹೊಟ್ಟೆಯದು ತಲೆಗೆ ಎಣ್ಣೆ ಹಚ್ಚಿ ಬಾಚಿದ, ಮಾತು ಬಹಳವಿರುವ ಗಂಡಸು. ಹೊಸ್ತಿಲ ಆಚೆ ನಿಂತು ಹೆಸರು ಹಿಡಿದು ಕೇಳುತ್ತವೆ: “ತಂಗೆವ್ವ ಅದಾರೇನ್ರಿ?” ಯಾರ ಹೆಸರು ಕೇಳಿದವೋ ಅವರೇ ಉತ್ತರ ಕೊಡಬೇಕು. ಗಂಡನಿಗಾಗಿ ಹೆಂಡತಿ, ಹೆಂಡತಿಗಾಗಿ ಗಂಡ ಹೇಳಿದರೆ ಅವುಗಳಿಗೆ ಕೇಳಿಸುವುದಿಲ್ಲ. ಎದೆಹಾಲು ಕುಡಿಯುವ ಕೂಸಿಗೆ ಮಾತ್ರ ತಾಯಿ ಹೇಳಬಹುದು. “ಜಾಗ ಇಲ್ರಿ, ಮುಂದ ಹೋಗ್ರಿ” ಎಂದರೆ ಮುಗಿಯಿತು, ಮುಂದಿನ ಮನೆಗೆ ಹೋಗುತ್ತವೆ. ಹೇಳುವ ದನಿ ಸೋತರೆ ಅದನ್ನೇ ಒಪ್ಪಿಗೆಯೆಂದು ಹಿಡಿದು ಒಳಗೆ ಬಂದು ನಾಲ್ಕು ದಿನ ಕುಳಿತು ಹೋಗುತ್ತವೆ; ಉತ್ತರವೇ ಬಾರದಿದ್ದರೆ ಹೊರಗೇ ಕಾಯುತ್ತವೆ. ಒಳಗೆ ಬಂದದ್ದಕ್ಕೆ ಮತ್ತೆ ಯಾರ ಹೆಸರನ್ನೂ ಕೇಳುವ ಗೊಡವೆಯಿಲ್ಲ, ಮನೆಯಲ್ಲಿ ಯಾರ ಹಾಸಿಗೆಯಲ್ಲಿ ಬೇಕಾದರೂ ಮಲಗಬಹುದು. ಹುಟ್ಟಿದಾಗಿನಿಂದ ಹೀಗೇ ಬಾಳಿದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ನನ್ನ ದನಿ ಮೊದಲಿನಿಂದಲೂ ಸಣ್ಣದು. ವರ್ಷಕ್ಕೆರಡು ಸಲ ನೆಗಡಿ ಮನೆ ಹೊಕ್ಕೇ ಹೋಗುತ್ತಿತ್ತು. ತಂಗೆವ್ವ ಹಾಗಲ್ಲ. ಮನೆಯ ಎರಡು ಭಾಗಗಳಲ್ಲಿ ಬೀದಿ ಕಡೆಯದು ಅವಳದು, ಹಿತ್ತಿಲ ಕಡೆಯದು ನಮ್ಮದು. ಅವಳ “ಜಾಗ ಇಲ್ರಿ” ಗೋಡೆ ದಾಟಿ ನನಗೆ ಕೇಳಿಸುತ್ತಿತ್ತು. ಕೆಮ್ಮಿನ ಅಜ್ಜ ಅವಳ ಬಾಗಿಲು ಬಂದಾಗ ನಡಿಗೆ ಚುರುಕು ಮಾಡುತ್ತಾನೆಂದು ಓಣಿಯವರು ನಗುತ್ತಿದ್ದರು. ಅವಳು ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಮೈತುಂಬ ಅರಳೆ ಮೆತ್ತಿಕೊಂಡು, ಎಲೆಯಡಿಕೆ ಜಗಿಯುತ್ತ ಸಂಜೆ ಮನೆಗೆ ಬಂದರೆ ಮೊದಲು ನನ್ನ ಕಡೆ ಹಣಿಕಿ ಹಾಕಿ, “ಲಚ್ಚಿ, ಚಾ ಇಟ್ಟಿಯೇನ?” ಎನ್ನುವವಳು. ಅವಳ ಗಂಡ, ನನ್ನ ಗಂಡನ ಅಣ್ಣ ಮಲಕಪ್ಪ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ, ಮಾತು ಕಡಿಮೆ. ಒಬ್ಬಳೇ ಮಗಳು ಮಹಾನಂದಾಳನ್ನು ನದಿಯಾಚೆಯ ಊರಿಗೆ ಕೊಟ್ಟಿದ್ದರು.

ಗಿರಣಿಯಲ್ಲಿ ಒತ್ತಿ ಕಟ್ಟಿದ ಅರಳೆಯ ಅಂಡಿಗೆಗಳನ್ನು ಮೂರಾಳೆತ್ತರಕ್ಕೆ ಪೇರಿಸಿಟ್ಟಿರುತ್ತಾರೆ. ಒಂದೊಂದೂ ಎಮ್ಮೆಯಷ್ಟು ಭಾರ. ಒಂದು ಮಧ್ಯಾಹ್ನ ಆ ಸಾಲು ವಾಲಿತು. ಕೆಳಗೆ ಊಟದ ಗಂಟು ಬಿಚ್ಚುತ್ತಿದ್ದ ತಂಗೆವ್ವನ ಮೇಲೆ ಬಂತು. ಸೊಂಟದ ಎಲುಬು, ಎಡತೊಡೆ, ಪಕ್ಕೆ ಮುರಿದಿದ್ದವು. ಹೊರಗೆ ಎಳೆದಾಗ ಅವಳಿಗೆ ಎಚ್ಚರವಿತ್ತು. “ನನ್ನ ಚಪ್ಪಲಿ ನೋಡ್ರಿ” ಎಂದಳಂತೆ, ಅಷ್ಟೇ.

ಆಸ್ಪತ್ರೆಯಲ್ಲಿ ಎರಡನೆಯ ದಿನದಿಂದ ಅವಳು ಒದರಲು ಶುರು ಮಾಡಿದಳು. ನೋವಿಗೆ ಒದರುವುದು ಬೇರೆ, ಇದು ಬೇರೆ. “ಹೊರಗ ಹೋಗ್ರಿ, ಎಲ್ಲಾರೂ ಹೊರಗ ಹೋಗ್ರಿ” ಎಂದು ಯಾರನ್ನು ಕಂಡರೂ ಅಟ್ಟುತ್ತಿದ್ದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಸಾಲುಗಟ್ಟಿ ಕೂತ ಜಡ್ಡುಗಳೆಲ್ಲ ಗೇಟಿನವರೆಗೆ ಸರಿದುಹೋದವು. ಅದನ್ನು ಕಂಡು ನಮಗೆ ಒಂದು ದಿನ ಸಮಾಧಾನವೇ ಆಗಿತ್ತು, ತಂಗೆವ್ವ ತಂಗೆವ್ವನೇ ಎಂದುಕೊಂಡೆವು. ಆದರೆ ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಗಂಜಿ ಹಿಡಿದುಕೊಂಡು ಹೋದ ನನ್ನನ್ನು ಅಟ್ಟಿದಳು. ಮಲಕಪ್ಪನನ್ನು ಅಟ್ಟಿದಳು. ನಮ್ಮೂರಲ್ಲಿ ಹಸಿವು, ನಿದ್ದೆ ಕೂಡ ನಡೆದೇ ಬರುತ್ತವೆ; ಆದರೆ ಅವು ಮನೆಯವರಂತೆ, ಕೇಳದೆ ಒಳಗೆ ಬರುತ್ತವೆ. ಅವನ್ನೂ ಅಟ್ಟಿದಳು. ಮೈ ಕೆಂಡದಂತಾಯಿತು, ಮುಖ ಊದಿ ಕಣ್ಣು ಮುಚ್ಚಿಹೋದವು. ಮೂತ್ರ ನಿಂತುಹೋಯಿತು.

ಡಾಕ್ಟರ್ ಪದ್ಮಾಬಾಯಿ ನಮ್ಮೂರವರೇ, ನೇರ ಮಾತಿನವರು. ಮಲಕಪ್ಪನನ್ನೂ ನನ್ನನ್ನೂ ಪಕ್ಕಕ್ಕೆ ಕರೆದು, “ಈಗ ಪೆಟ್ಟಿನಕಿಂತ ಈ ಒದರಾಟದ್ದ ಚಿಂತಿ ನನಗ” ಎಂದರು. “ಆಕಿ ಮೈಗೆ ಅಂಡಿಗಿ ಇನ್ನೂ ಬೀಳಾಕತ್ತಾವು ಅಂತನ ಅನಸ್ತೈತಿ. ಕಳ್ಳರು ಯಾರು, ಮನಿ ಮಂದಿ ಯಾರು, ಗುರ್ತ ಸಿಗವಲ್ದು. ತನ್ನ ಮೂತ್ರಪಿಂಡಾನ ತಾನ ಹೊರಗ ಹಾಕಾಕ ಹೊಂಟಾಳ.” ದನಿ ಇಳಿಸುವ ಔಷಧ ಕೊಟ್ಟರು. ಕೊಡುವ ಮುಂಚೆ ಇನ್ನೊಂದು ಮಾತನ್ನೂ ಹೇಳಿದರು: “ಬಾಳ ಇಳಿಸಿದ್ರ ದನಿ ಪೂರಾ ಕುಂದರ್ತೈತಿ. ಇಳಿಸದಿದ್ರ ಸುಟ್ಟು ಹೋಗ್ತಾಳ. ನಡುವ ಹಾದಿ ಸಣ್ಣದೈತಿ, ನೋಡೂಣು.”

ಒದರಾಟ ನಿಂತಿತು. ನಿಂತಾಗ ಔಷಧದಿಂದ ನಿಂತಿತೋ, ದಣಿದು ನಿಂತಿತೋ ಅವರಿಗೂ ಹೇಳಲಾಗಲಿಲ್ಲ. ಗೇಟಿನ ಹೊರಗೆ ಕಾದಿದ್ದ ಜಡ್ಡುಗಳು ಅದೇ ವಾರ ಒಳಗೆ ಬಂದವು. ಮೊದಲನೆಯದು ಗಾಯದ ಕೀವು, ಬಾಗಿಲಲ್ಲಿ ನಿಂತು ಮೆಲ್ಲಗೆ ಹೆಸರು ಕೇಳಿತು. ನಾನು ಮಂಚದ ಪಕ್ಕದಲ್ಲೇ ಇದ್ದೆ. ತಂಗೆವ್ವ ಅದರ ಕಡೆ ನೋಡಿ, ಬೀಗರು ಬಂದವರಿಗೆ ಹೇಳುವಂತೆ, “ಬರ್ರಿ, ಕೂಡ್ರಿ” ಎಂದಳು. “ಅಕ್ಕಾ, ಏನಂದಿ?” ಎಂದೆ. ಅವಳಿಗೂ ಅಚ್ಚರಿಯಾಗಿತ್ತು. “ಜಾಗ ಇಲ್ಲ ಅಂತ ಹೇಳಾಕ ಹೋದ್ನಿ, ಲಚ್ಚಿ. ಬಾಯಾಗ ಇದು ಬಂತು” ಎಂದಳು.

ಆಮೇಲೆ ಬಂದವರಿಗೆಲ್ಲ ಅದೇ ಮಾತು. ಕೀವಿನ ಹಿಂದೆ ಮೂತ್ರದ ಉರಿ, ಅದರ ಹಿಂದೆ ಎದೆಯವನು. ಎದೆಯವನ ಹೆಸರನ್ನು ಯಾರೂ ಹೇಳುವುದಿಲ್ಲ. ದೊಡ್ಡ ದೇಹ, ದಪ್ಪ ಉಣ್ಣೆಯ ಕೋಟು, ಬಿಸಿಲಲ್ಲೂ ತೊಯ್ದ ಚಪ್ಪಲಿ. ಬಹಳ ಮರ್ಯಾದೆಯವನು. ಬಂದವನು ಅವಳ ಎದೆಯ ಮೇಲೆ ಕುಳಿತು ಎರಡು ವಾರ ಏಳಲಿಲ್ಲ. ಮಹಾನಂದಾ ನದಿ ದಾಟಿ ಬಂದು ಅವ್ವನ ಕಾಲು ಹಿಡಿದು ಕುಳಿತಳು. ಒಂದು ಸಂಜೆ ಪದ್ಮಾಬಾಯಿ ನಮಗೆಲ್ಲ ಬಾಯಿಗೆ ನೀರು ಬಿಡಲು ಹೇಳಿದ್ದರು. ಬಿಟ್ಟೆವು. ಬೆಳಗಾದಾಗ ಅವನು ಎದ್ದು ಹೋಗಿದ್ದ, ಅವಳು ಉಳಿದಿದ್ದಳು.

ಎಲುಬು ಕೂಡಿದವು. ಮಳೆಗಾಲ ಮುಗಿಯುವಷ್ಟರಲ್ಲಿ ಕೋಲು ಹಿಡಿದು ಪಡಸಾಲೆಯ ತುದಿಯಿಂದ ತುದಿಗೆ ನಡೆಯುವಂತಾದಳು. ಗಾಯಗಳು ಮಾಯ್ದು ಬೆಳ್ಳಗಿನ ಗೆರೆಗಳಾದವು. ನೋಡಿದವರು, “ಪಾರಾದ್ಳಲ್ಲ” ಎಂದು ಕೈಮುಗಿದು ಹೋದರು. ಆದರೆ ಬಾಯಲ್ಲಿ ಆ ಮಾತು ಮರಳಲಿಲ್ಲ. ಇನ್ನೂ ವಿಚಿತ್ರವೆಂದರೆ, ಯಾವ ಕೇಡೂ ಮಾಡದವರ ಮೇಲೆ ಈಗ ಸಿಟ್ಟು ಬರುತ್ತಿತ್ತು. ಹುಣಸೆ ಹೂವಿನ ಧೂಳು ಹಾರಿದರೆ ಆಸ್ಪತ್ರೆಯಲ್ಲಿದ್ದಾಗಿನ ಹಾಗೆಯೇ ಒದರಿ, ಕಣ್ಣು ಮೂಗು ಸುರಿಸಿಕೊಂಡು ಒದ್ದಾಡುವಳು. ಅದೇ ಹೊತ್ತಿಗೆ ಕೆಮ್ಮಿನ ಅಜ್ಜ ಬಂದು ಹೆಸರು ಕೇಳಿದರೆ, “ಬರ್ರಿ, ಕೂಡ್ರಿ.” ಅಜ್ಜ ಮೊದಮೊದಲು ನಂಬದೆ ಎರಡು ಸಲ ಕೇಳುತ್ತಿದ್ದನಂತೆ.

ಪದ್ಮಾಬಾಯಿಯನ್ನು ಕೇಳಿದೆವು. “ಬ್ಯಾಡ ಅನ್ನೂದು ಬಾಯಾಗ ಹುಟ್ಟೂದಲ್ಲವಾ, ಎಲುಬಿನ ಒಳಗಿನ ಮಜ್ಜಿಯೊಳಗ ಹುಟ್ಟತೈತಿ” ಎಂದರು. “ದಿನಾ ಹೊಸಾದು ಹುಟ್ಟಬೇಕು. ಆಕಿ ಮಜ್ಜಿ ಆ ದಿನದ ಗಾಬರಿ ಇನ್ನೂ ಮರ್ತಿಲ್ಲ. ಅದರಾಗ ಹುಟ್ಟೂವೆಲ್ಲಾ ಹೆದರಿಕೊಂಡ ಹುಟ್ಟತಾವು. ಒದರ್ತಾವು, ಇಲ್ಲಾ ಶರಣು ಅಂತಾವು.” ಎಷ್ಟು ದಿನ ಹೀಗೆ ಎಂದು ಮಲಕಪ್ಪ ಕೇಳಿದ. “ಕೆಲವರಿಗೆ ವರ್ಷ, ಕೆಲವರಿಗೆ ಬಾಳ ವರ್ಷ. ಕೆಲವರಿಗೆ ಮೊದಲಿನಂಗ ಎಂದೂ ಆಗೂದಿಲ್ಲ. ಸುಳ್ಳು ಹೇಳಿ ಕಳಸಲ್ಲ ನಾ.”

ಮಲಕಪ್ಪ ಮನೆಗೆ ಬಂದು ಬೀದಿ ಬಾಗಿಲಿಗೆ ಒಳಗಿನಿಂದ ಕಬ್ಬಿಣದ ಅಗಳಿ ಹಾಕಿದ. ಕಿಟಕಿಗಳಿಗೆ ಹಲಗೆ ಹೊಡೆದ. ಅಂಗಡಿಯನ್ನು ಕಟ್ಟೆಯ ಮೇಲಕ್ಕೆ ತಂದು ಬಾಗಿಲಿಗೆ ಅಡ್ಡಲಾಗಿ ಕುಳಿತು ಪಂಕ್ಚರ್ ತಿದ್ದತೊಡಗಿದ. ಜಡ್ಡುಗಳು ಬಂದು ಹೆಸರು ಕೇಳಿದರೆ ಸೈಕಲ್ಲಿನ ಗಂಟೆಗಳನ್ನು ಬಾರಿಸಿ ಅವುಗಳ ದನಿ ಒಳಗೆ ಕೇಳದಂತೆ ಮಾಡುತ್ತಿದ್ದ. ಕೇಳದಿದ್ದರೆ ಅವಳು ಉತ್ತರ ಕೊಡುವುದಿಲ್ಲ, ಉತ್ತರ ಕೊಡದಿದ್ದರೆ ಅವು ಬರುವುದಿಲ್ಲ. ಉಪಾಯ ಫಲಿಸಿತು. ಆದರೆ ಜಡ್ಡುಗಳ ಜೊತೆಗೆ ಜನವೂ ನಿಂತುಹೋದರು. ನಾನು ಹಿತ್ತಿಲ ಬಾಗಿಲಿಂದ ಹೋಗುತ್ತಿದ್ದೆ, ಅದೂ ಮೊದಲು ಕೈಕಾಲು ತೊಳೆದು, ಮಲಕಪ್ಪ ನನ್ನ ಗಂಟಲು ನೋಡಿದ ಮೇಲೆ. ಹಗಲಲ್ಲೂ ದೀಪ ಹಚ್ಚಿದ ಆ ಕೋಣೆಯಲ್ಲಿ ತಂಗೆವ್ವ ಗೋಡೆಗೊರಗಿ ಕುಳಿತಿರುತ್ತಿದ್ದಳು. ಗಿರಣಿಯಲ್ಲಿ ಈಗ ಯಾರು ಯಾರ ಜೊತೆ ಜಗಳವಾಡಿದ್ದಾರೆ, ಯಾರ ಮಗಳಿಗೆ ಎಲ್ಲಿ ಗಂಡು ನೋಡುತ್ತಿದ್ದಾರೆ, ಎಲ್ಲ ಕೇಳುವಳು. ನನಗೆ ಗೊತ್ತಿಲ್ಲದ್ದಕ್ಕೆ ನಾನೇ ಏನಾದರೂ ಕಟ್ಟಿ ಹೇಳುತ್ತಿದ್ದೆ. ಅವಳಿಗೆ ಅದು ಗೊತ್ತಾಗುತ್ತಿತ್ತು, ಸುಮ್ಮನೆ ಕೇಳುತ್ತಿದ್ದಳು.

ಎರಡನೆಯ ವರ್ಷ ಮಹಾನಂದಾ ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನದು. ಸುದ್ದಿ ಬಂದಾಗ ಮಲಕಪ್ಪ ನಟ್ಟು ತಿರುವುತ್ತಿದ್ದ ಪಾನ ಕೆಳಗಿಟ್ಟು, “ಅಲ್ಲೇ ಆಗಲಿ. ರೊಕ್ಕಾ ಕೊಟ್ಟು ಕಳಸ್ತೀನಿ” ಎಂದ. ಬಾಣಂತಿ, ಕೂಸು ಇರುವ ಮನೆಯ ಮುಂದೆ ಜಡ್ಡುಗಳು ಜಾಸ್ತಿ ಸುಳಿಯುತ್ತವೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ತಂಗೆವ್ವ ಒಳಗಿನಿಂದ ಕೋಲೂರಿಕೊಂಡು ಅಗಳಿ ಹಾಕಿದ ಬಾಗಿಲವರೆಗೆ ಬಂದಳು. “ಏನ್ರಿ, ನಾ ಬದುಕೀನೋ ಸತ್ತೀನೋ?” ಎಂದು ಬಾಗಿಲಿನ ಈಚೆಯಿಂದ ಕೇಳಿದಳು. “ಸತ್ತಿದ್ರ ಬ್ಯಾರೆ ಮಾತು. ಬದುಕಿದ್ರ ಮಗಳ ಬಾಣಂತನ ನಂದು.”

“ನೀ ಒಬ್ಬಾಕೀನ ಇದ್ರ ಹೆಂಗರ ಆಗತೈತಿ” ಎಂದ ಮಲಕಪ್ಪ. “ನೀ ಆ ಕೋಟಿನವಗ ಬಾ ಅಂದಿ ಅಂದ್ರ, ಅಂವ ನಿನ್ನ ಬಿಟ್ಟು ಕೂಸಿನ ತೊಟ್ಟಿಲಕ್ಕ ಹೋದ್ರ?”

ತಂಗೆವ್ವ ಒಳಗೆ ಹೋಗಿ ಕುಳಿತಳು. ಮರುದಿನ ನನ್ನನ್ನು ಆಸ್ಪತ್ರೆಗೆ ಕಳಿಸಿ, ಏನಾದರೂ ಕಲಿಸುವುದಿದ್ದರೆ ಕಲಿಸಿರೆಂದು ಪದ್ಮಾಬಾಯಿಗೆ ಹೇಳಿಸಿದಳು.

ಅವರು ನರ್ಸಬಾಯಿಯ ಕೈಯಲ್ಲಿ ಎದೆಯವನ ಕೋಟಿನ ಒಂದು ಹರಕು ತೋಳನ್ನು ಕಳಿಸಿಕೊಟ್ಟರು. ಕುದಿಸಿ ಒಣಗಿಸಿದ್ದು, ಅದರಲ್ಲಿ ಅವನ ವಾಸನೆ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ನರ್ಸಬಾಯಿ ಅದನ್ನು ಗಳುವಿಗೆ ನೇತುಹಾಕಿ, “ಇದರ ಮುಂದ ಹೇಳ್ರಿ, ಜಾಗ ಇಲ್ಲ ಅಂತ” ಎಂದಳು. ತಂಗೆವ್ವ ಅದರ ಮುಂದೆ ಕುಳಿತು, “ಬರ್ರಿ, ಕೂಡ್ರಿ” ಎಂದಳು. ನರ್ಸಬಾಯಿ ತಿಂಗಳಿಗೊಮ್ಮೆ ಬಂದಳು, ಪ್ರತಿಸಲವೂ ಬೇರೆ ಹರಕು. ಹಬ್ಬ ಕಳೆದವು. ತೋಳಿನ ಮುಂದೆ ಕುಳಿತಾಗಲೆಲ್ಲ ಅವಳ ಗಲ್ಲ ನಡುಗುತ್ತಿತ್ತು, ಹಣೆಯಲ್ಲಿ ಬೆವರೊಡೆಯುತ್ತಿತ್ತು. ಕಡೆಗೊಂದು ದಿನ “ಬರ್ರಿ” ಎಂಬ ಮಾತು ಬರಲಿಲ್ಲ. “ಜಾಗ ಇಲ್ಲ” ಎಂಬುದೂ ಬರಲಿಲ್ಲ. ಸುಮ್ಮನೆ ಕುಳಿತಿದ್ದಳು. ನರ್ಸಬಾಯಿಗೆ ಬೇಸರವಾದಂತೆ ಕಂಡಿತು. ತಂಗೆವ್ವ ಮಾತ್ರ, “ಮಗಳ್ನ ಕರಸ್ರಿ” ಎಂದಳು.

ಮಹಾನಂದಾ ಬಂದಳು, ಮಲಕಪ್ಪ ಬೇಡವೆನ್ನಲಾರದೆ ಅಗಳಿ ತೆಗೆದ. ನಮ್ಮ ಭಾಗದ ಕೋಣೆಯಲ್ಲಿ ಹೆರಿಗೆಯಾಯಿತು, ಹೆಣ್ಣುಕೂಸು. ಐದನೆಯ ದಿನ ಇಬ್ಬರನ್ನೂ ತಂಗೆವ್ವನ ಒಳಕೋಣೆಗೆ ಕರೆತಂದೆವು. ತಂಗೆವ್ವ ಬಾಣಂತಿಯ ಊಟ ತಾನೇ ಮಾಡಿದಳು, ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಸಿಗೆ ಎರೆದಳು. ನೀರೆರೆಯುವಾಗ ಕೋಲನ್ನು ಗೋಡೆಗೆ ಒರಗಿಸಿ ಕೂಸನ್ನು ಕಾಲ ಮೇಲೆ ಹಾಕಿಕೊಂಡರೆ, ಮುರಿದ ತೊಡೆ ಅದೇ ಎಂಬುದು ಮರೆತುಹೋಗುವ ಹಾಗಿತ್ತು.

ಎದೆಯವನು ಬಂದದ್ದು ಒಂದು ಬೆಳಿಗ್ಗೆ. ಮಲಕಪ್ಪ ಬೀದಿಯ ತುದಿಯಲ್ಲಿ ಯಾರದೋ ಸೈಕಲ್ ನೋಡಲು ಹೋಗಿದ್ದ. ಬಾಗಿಲು ತೆರೆದಿತ್ತು. ನಾನು ಪಡಸಾಲೆಯಲ್ಲಿ ಬಾಣಂತಿಗೆಂದು ಅಜಿವಾನದ ಕಾಳು ಆರಿಸುತ್ತಿದ್ದೆ. ಒಳಕೋಣೆಯಲ್ಲಿ ಮಹಾನಂದಾ ಕೂಸಿಗೆ ಹಾಲೂಡಿಸಿ ಮಲಗಿಸಿ, ತಾನೂ ಪಕ್ಕದಲ್ಲಿ ಒರಗಿದ್ದಳು. ಹೊಸ್ತಿಲ ಆಚೆ ಅದೇ ಉಣ್ಣೆಯ ಕೋಟು, ತೊಯ್ದ ಚಪ್ಪಲಿ. “ತಂಗೆವ್ವ ಅದಾರೇನ್ರಿ?” ಎಂದ. ದನಿಯಲ್ಲಿ ಹಳೆಯ ಪರಿಚಯವಿತ್ತು.

ತಂಗೆವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಅವಳ ತುಟಿ ಆಗಲೇ ಆ ಮಾತಿಗೆ ತೆರೆದಿದ್ದವು. ನಾನು ಎದ್ದು ನಿಂತೆ, ಮಾಡಲು ಏನೂ ಇರಲಿಲ್ಲ. ನಾನು ಹೇಳಿದರೆ ಅವನಿಗೆ ಕೇಳಿಸುವುದಿಲ್ಲ. ಅವಳು ಮೂಲೆಯ ಕೊಡದಿಂದ ತಂಬಿಗೆ ತುಂಬಿಕೊಂಡು ಬಾಯಿಗೆ ಎತ್ತಿದಳು. ಗಲ್ಲ ಉಬ್ಬುವಷ್ಟು ನೀರು ತುಂಬಿಕೊಂಡು, ನುಂಗದೆ, ಹೊಸ್ತಿಲ ಒಳಗೆ ಅವನ ಎದುರಿಗೆ ಬಂದು ಕುಳಿತಳು.

ಅವನು ಮತ್ತೆ ಕೇಳಿದ. ಅವಳು ನೋಡುತ್ತ ಕುಳಿತಳು. ಅವನೂ ಕಟ್ಟೆಯ ಮೇಲೆ ಕುಳಿತ, ಕೋಟಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ. ಮಲಕಪ್ಪ ಓಡಿ ಬಂದು ಗಂಟೆ ಬಾರಿಸಹೋದ, ಅವಳು ಕೈಸನ್ನೆಯಲ್ಲೇ ತಡೆದಳು. ಬಿಸಿಲು ಕಟ್ಟೆಯಿಂದ ಹೊಸ್ತಿಲಿಗೆ ಬಂತು. ಅವಳ ಮೂಗಿನಿಂದ ಉಸಿರು ಸುಂಯ್ ಎನ್ನುತ್ತಿತ್ತು, ಕತ್ತಿನ ನರ ಎದ್ದಿತ್ತು. ತುಟಿಯ ತುದಿಯಿಂದ ನೀರು ಹನಿಯಾಗಿ ಇಳಿದು ಸೆರಗು ತೋಯಿಸಿತು. ಓಣಿಯವರು ದೂರ ನಿಂತು ನೋಡುತ್ತಿದ್ದರು, ಯಾರೂ ಹತ್ತಿರ ಬರಲಿಲ್ಲ.

ಅವನು ಮೂರನೆಯ ಸಲ ಹೆಸರು ಕೇಳಿದಾಗ ಅವಳು ನೀರನ್ನು ನುಂಗಿದಳು. ನಾನು ಕಣ್ಣು ಮುಚ್ಚಿಕೊಂಡೆ. ಗಂಟಲು ಸರಿಮಾಡಿಕೊಂಡು ಅವಳು ಮೆಲುದನಿಯಲ್ಲಿ, “ಕೂಸು ಮಲಗೇತ್ರಿ” ಎಂದಳು.

ಅದು ಹೌದೂ ಅಲ್ಲ, ಬೇಡವೂ ಅಲ್ಲ. ಅವನು ಒಳಕೋಣೆಯ ಕಡೆ ನೋಡಿದ. ಮರ್ಯಾದೆಯವನೆಂದು ಹೇಳಿದೆನಲ್ಲ, ಮಲಗಿದ ಕೂಸಿರುವ ಮನೆಯಲ್ಲಿ ಬರಲೇ ಎಂದು ನಾಲ್ಕನೆಯ ಸಲ ಹೇಗೆ ಕೇಳುವುದು? ಎದ್ದು, ಚಪ್ಪಲಿಯ ಸದ್ದಾಗದಂತೆ ಕಟ್ಟೆಯಿಂದ ಇಳಿದು ಹೋದ. ಮಲಕಪ್ಪ ಅಲ್ಲೇ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಎಣ್ಣೆಗೈಯಿಂದಲೇ ಮುಖ ಒರೆಸಿಕೊಂಡ.

ಅವನು ಹೋದರೂ, ಅಷ್ಟು ಹೊತ್ತು ಎದುರಿಗೆ ಕುಳಿತದ್ದಕ್ಕೋ ಏನೋ, ಸಂಜೆಗೆ ತಂಗೆವ್ವನಿಗೆ ಜ್ವರ ಬಂತು. ಬಾಣಂತಿ, ಕೂಸನ್ನು ಮತ್ತೆ ನಮ್ಮ ಭಾಗಕ್ಕೆ ಸಾಗಿಸಿ ಅವಳನ್ನು ಬೀದಿ ಕಡೆಯ ಭಾಗದಲ್ಲಿ ಒಬ್ಬಳನ್ನೇ ಬಿಟ್ಟೆವು. ಐದಾರು ದಿನ ಕೆಮ್ಮಿದಳು, ಗಂಜಿ ಕುಡಿದು ಎದ್ದಳು. ಎದೆಯವನ ಮಟ್ಟಿಗೆ ಇಷ್ಟು ಕಲಿತಂತಾಯಿತು ಎಂದು ಪದ್ಮಾಬಾಯಿ ಹೇಳಿದರು. ಬೇರೆಯವರ ಮಾತು ಬೇರೆ, ನೆಗಡಿಗೂ ಕೆಮ್ಮಿಗೂ ಅವಳ ಬಾಯಿ ಇವತ್ತಿಗೂ ಬರ್ರಿ ಎನ್ನುತ್ತದೆ. ಒಬ್ಬೊಬ್ಬರದೂ ಬೇರೆಬೇರೆಯಾಗಿ ಕಲಿಯಬೇಕು, ಕೆಲವರದು ಬಾರದೆಯೇ ಹೋದೀತು, ಎಂದರು. ಮಲಕಪ್ಪ ಕಿಟಕಿಯ ಹಲಗೆಗಳನ್ನು ಒಂದು ಕಡೆಯದು ಕಿತ್ತ, ಇನ್ನೊಂದು ಕಡೆಯದು ಹಾಗೇ ಬಿಟ್ಟ.

ತೊಟ್ಟಿಲು ಕಾರ್ಯಕ್ಕೆ ಮನೆಮನೆಗೆ ಹೋಗಿ ಕರೆಯಬೇಕು, ಕರೆಯುವುದು ಕೂಸಿನ ಅಜ್ಜಿ. ನಾನು ಹೋಗಿ ಬರುತ್ತೇನೆಂದೆ. “ನೀ ಕುಂಕುಮದ ಬಟ್ಟಲಾ ಹಿಡಕೊಂಡು ನನ್ನ ಕೂಡ ಬಾ” ಎಂದಳು ತಂಗೆವ್ವ. ಹಳದಿ ಇಳಕಲ್ಲ ಸೀರೆ ಉಟ್ಟು, ಕೋಲು ಹಿಡಿದು, ಎರಡು ವರ್ಷದ ಮೇಲೆ ಓಣಿಗೆ ಇಳಿದಳು. ಮಲಕಪ್ಪ ಹತ್ತು ಹೆಜ್ಜೆ ಹಿಂದೆ, ಸಂಬಂಧವಿಲ್ಲದವನಂತೆ ಸೈಕಲ್ ತಳ್ಳಿಕೊಂಡು ಬರುತ್ತಿದ್ದ.

ಮೊದಲನೆಯ ಮನೆ ಸಂಗವ್ವನದು. ಅವಳ ಮನೆಯಲ್ಲಿ ನೆಗಡಿ ಬಂದು ಕುಳಿತಿತ್ತು. ನಮ್ಮನ್ನು ಕಂಡವಳೇ, ತನ್ನ ಉಸಿರು ತಂಗೆವ್ವನಿಗೆ ತಾಗಬಾರದೆಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಳು. ಎದುರು ಮನೆಯ ಮುದುಕಿಯೂ ಹಾಗೇ ತಿರುಗಿದಳು. ನಾವು ಮುಂದೆ ಹೋದಂತೆ ಓಣಿಯುದ್ದಕ್ಕೂ, ಮನೆಯಲ್ಲಿ ಜಡ್ಡು ಇದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಗೋಡೆಗೆ ಮುಖ ಮಾಡಿ ನಿಂತರು. ಇಲ್ಲದವರೂ, ತಮಗೆ ಗೊತ್ತಿಲ್ಲದೆ ಇದ್ದರೂ ಇದ್ದೀತೆಂದು, ತಿರುಗಿ ನಿಂತರು. ಯಾರೂ ಹೇಳಿಕೊಟ್ಟದ್ದಲ್ಲ. ತಂಗೆವ್ವ ಓಣಿಯ ನಡುವೆ ಕೋಲೂರಿ ನಿಂತು ಆ ಬೆನ್ನುಗಳನ್ನೆಲ್ಲ ನೋಡಿದಳು.

“ಹಿಂಗ ಹೊಳ್ಳಿ ನಿಂತ್ರ ಹೆಂಗ ಕರೀಲಿ ನಾ?” ಎಂದಳು. ಆಮೇಲೆ ಬೆನ್ನು ನೋಡಿಯೇ ಗುರುತು ಹಿಡಿದು ಒಬ್ಬೊಬ್ಬರನ್ನೇ ಮಾತಾಡಿಸತೊಡಗಿದಳು. “ಸಂಗವ್ವ, ಸೊರಗೀದಿಯಲ್ಲ. ನೀಲವ್ವ, ಮಗನ ಲಗ್ನ ಮಾಡಿದಿ, ನನಗ ಹೇಳಲೇ ಇಲ್ಲ. ಮಂಗಳಾರ ತೊಟ್ಟಿಲಾ ಐತಿ, ಎಲ್ಲಾರೂ ಬರ್ರಿ.” ಬರುತ್ತೇವೆ ಎಂದು ಅವರು ಗೋಡೆಗೇ ಹೇಳಿದರು. ಕರೆದ ಮೇಲೆ ಕುಂಕುಮ ಹಚ್ಚದೆ ಬಿಡುವಂತಿಲ್ಲ. ನಾನು ಪ್ರತಿಯೊಬ್ಬಳ ಹಿಂದೆ ನಿಂತು, ಕೈ ಮುಂದಕ್ಕೆ ಚಾಚಿ, ಅಂದಾಜಿನ ಮೇಲೆ ಹಚ್ಚುತ್ತ ಹೋದೆ. ಒಬ್ಬಳಿಗೆ ಹುಬ್ಬಿನ ಮೇಲಾಯಿತು, ಒಬ್ಬಳಿಗೆ ಮೂಗಿಗೆ. ಸಂಗವ್ವ ನಗು ತಡೆಯಲಾರದೆ ಗೋಡೆಗೆ ಹಣೆ ಆನಿಸಿದಳು, ಅಲ್ಲಿ ಸುಣ್ಣದ ಮೇಲೆ ಕೆಂಪಗೆ ಒಂದು ಬೊಟ್ಟು ಮೂಡಿತು.